ಜೇಕಿನ ಹಗೇವು

ಈರುಳ್ಳಿ ಹೊಲಕ್ಕೆ ಕಳೆ ತೆಗೆಯಲು ಆಳು ಕರೆದವರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಹೆಂಗಸರು ಸಾಲು ಹಿಡಿದು ಕೂತು ಬೆಳಗಿನಿಂದ ಸಂಜೆಯವರೆಗೆ ಕಿತ್ತು ಗುಡ್ಡೆ ಹಾಕುತ್ತಾರೆ. ಸಂಜೆ ಹೊಲ ನೋಡಿದರೆ ಮನಸ್ಸಿಗೆ ಸಮಾಧಾನ. ಎಂಟು ದಿನ ಕಳೆದು ಬದುವಿನ ಮೇಲೆ ನಿಂತು ನೋಡಿ. ಅಣ್ಣೆಸೊಪ್ಪು, ಮುಳ್ಳು ಹರಿವೆ, ಪಾರ್ಥೇನಿಯಂ ಯಾವುದರ ಸುಳಿವೂ ಇಲ್ಲ. ಜೇಕು ಮಾತ್ರ ಈರುಳ್ಳಿಯ ಸಾಲಿನ ನಡುವೆಲ್ಲ ಹಸಿರಾಗಿ ಎದ್ದಿದೆ. ಕೀಳಹೋದರೆ ಬುಡದಲ್ಲಿ ಪಟಕ್ಕನೆ ಹರಿದು ಬರುತ್ತದೆ. ಕೈಗೆ ಸಿಕ್ಕಿದ್ದು ಎಲೆ, ನೆಲದಲ್ಲಿ ಉಳಿದದ್ದು ಜೇಕು.

‘ಜೇಕು ಕಿತ್ತಷ್ಟೂ ಹೆಚ್ಚುತ್ತೆ’ ಎನ್ನುವುದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಬೇಸಾಯ ಮಾಡುವವರ ಬಾಯಲ್ಲಿ ಸಾಮಾನ್ಯವಾದ ಮಾತು. ಉಳುಮೆಯಾದ ಮೇಲಂತೂ ಅದು ದುಪ್ಪಟ್ಟಾಗಿ ಬರುತ್ತದೆಂಬ ದೂರು ಬೇರೆ. ಅದೇ ಜನ ಇನ್ನೊಂದು ಮಾತನ್ನೂ ಹೇಳುತ್ತಾರೆ: ಬೇಸಿಗೆಯಲ್ಲಿ ಆಳವಾಗಿ ಉತ್ತು ಬಿಸಿಲಿಗೆ ಬಿಟ್ಟ ಹೊಲದಲ್ಲಿ ಜೇಕು ಕಮ್ಮಿ. ಹಾಗಾದರೆ ನೇಗಿಲು ಜೇಕನ್ನು ಬೆಳೆಸುತ್ತದೆಯೋ ಕೊಲ್ಲುತ್ತದೆಯೋ? ಎರಡೂ ಮಾತು ನಿಜ. ಎರಡೂ ಹೇಗೆ ನಿಜವಾಗುತ್ತವೆ ಎಂಬುದು ಗೊತ್ತಾದರೆ ಈ ಕಳೆಯ ಗುಟ್ಟು ಗೊತ್ತಾದಂತೆ.

ಹುಲ್ಲಿನ ಜಾತಿಯದಲ್ಲ

ಹೂ ಬಿಟ್ಟ ಜೇಕಿನ ದಂಟೊಂದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉರುಳಿಸಿ. ಸಲೀಸಾಗಿ ಉರುಳುವುದಿಲ್ಲ; ಮೂರು ಏಣುಗಳು ಬೆರಳಿಗೆ ತಾಗುತ್ತವೆ. ಬ್ಲೇಡಿನಿಂದ ಅಡ್ಡ ಕೊಯ್ದರೆ ಕಾಣುವುದು ಅಚ್ಚುಕಟ್ಟಾದ ತ್ರಿಕೋನ, ಒಳಗೆ ಪೊಳ್ಳಿಲ್ಲ. ಈಗ ಪಕ್ಕದ ಗರಿಕೆಯನ್ನೋ ರಾಗಿ ಪೈರನ್ನೋ ಹಿಡಿದು ನೋಡಿ. ದಂಟಿಗೆ ಏಣಿಲ್ಲ, ಅಲ್ಲಲ್ಲಿ ಗಿಣ್ಣುಗಳಿವೆ. ಹುಲ್ಲಿನ ಎಲೆಗಳು ದಂಟಿನ ಎರಡು ಪಕ್ಕಕ್ಕೆ ಬಂದರೆ ಜೇಕಿನ ಎಲೆಗಳು ಮೂರು ದಿಕ್ಕಿಗೆ ಬರುತ್ತವೆ. ಹುಲ್ಲಿನ ಹಾಗೆ ಕಂಡರೂ ಇದರ ಕುಲವೇ ಬೇರೆ. ಸಸ್ಯಶಾಸ್ತ್ರಜ್ಞರು ಆ ಕುಲವನ್ನು ಸೈಪರೇಸಿ ಎನ್ನುತ್ತಾರೆ. ನಾವು ಜೇಕಿನ ಕುಲ ಎನ್ನೋಣ. ನಮ್ಮ ಹೊಲದ ಜೇಕಿಗೆ ಲಿನೇಯಸ್ 1753ರಲ್ಲಿ ಸೈಪರಸ್ ರೊಟಂಡಸ್ ಎಂದು ಹೆಸರಿಟ್ಟ. ಕೊನ್ನಾರಿ, ತುಂಗೆ, ಭದ್ರಮುಷ್ಟಿ ಎಂದೆಲ್ಲ ಕರೆಯುವುದು ಇದನ್ನೇ.

ಈ ಕುಲದಲ್ಲಿ 5,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಂಗಡ ಕೇರೆಕ್ಸ್. ಅದೊಂದರಲ್ಲೇ ಸುಮಾರು 2,000 ಪ್ರಭೇದಗಳು. ಕೇರೆಕ್ಸ್‌ಗಳಿಗೆ ತಂಪು ಬೇಕು. ಸೈಬೀರಿಯ, ಸ್ಕ್ಯಾಂಡಿನೇವಿಯ, ಕೆನಡಾಗಳ ಜೌಗು ನೆಲ ಮತ್ತು ಹಿಮಾಲಯದ ಎತ್ತರದ ಹುಲ್ಲುಗಾವಲು ಅವುಗಳ ತವರು. ನಮ್ಮ ಪಶ್ಚಿಮಘಟ್ಟದ ನೆತ್ತಿಯ ತಂಪಿನಲ್ಲೂ ಕೆಲವು ಕೇರೆಕ್ಸ್‌ಗಳು ಸಿಗುತ್ತವೆ. ಆ ಘಟ್ಟದ ಪೂರ್ವಕ್ಕೆ ಚಾಚಿದ ಬಾಬಾಬುಡನ್‌ಗಿರಿಯ ಕಡೆಯಿಂದ ಹುಟ್ಟಿ ಬರುವ ವೇದಾ, ಅವತಿ ಎಂಬ ಹೊಳೆಗಳು ಸೇರಿ ವೇದಾವತಿಯಾಗಿ ಹಿರಿಯೂರಿಗೆ ಬರುತ್ತವೆ. ಇಲ್ಲಿಗೆ ಬರುವ ಹೊತ್ತಿಗೆ ತಂಪು ಹೋಗಿ ಕಪ್ಪುನೆಲ, ಕೆಂಪುನೆಲದ ಬಿಸಿಲು ಸೀಮೆ ಶುರುವಾಗಿರುತ್ತದೆ. ಇಲ್ಲಿ ಆಳುವುದು ಅದೇ ಕುಲದ ಜೇಕು.

ತಂಪು ದೇಶದ ಬಂಧುವಿಗೂ ಬಿಸಿಲು ಸೀಮೆಯ ಬಂಧುವಿಗೂ ಒಂದು ಗುಣ ಸಮ. ಕೆಟ್ಟ ಕಾಲ ಬಂದಾಗ ಎರಡೂ ಎಲೆಯ ಆಸೆ ಬಿಟ್ಟು ನೆಲದಡಿಯ ದಾಸ್ತಾನಿನ ಮೇಲೆ ಜೀವ ಹಿಡಿಯುತ್ತವೆ. ಅಲ್ಲಿ ಕೆಟ್ಟ ಕಾಲವೆಂದರೆ ಹಿಮ ಮುಚ್ಚಿದ ಚಳಿಗಾಲ; ಇಲ್ಲಿ ಕಡು ಬೇಸಿಗೆ. ಆದರೆ ಆ ದಾಸ್ತಾನನ್ನು ಗಡ್ಡೆಗಳಾಗಿ ಮಾಡಿ, ಸರವಾಗಿ ಪೋಣಿಸಿ ಇಡುವುದರಲ್ಲಿ ಜೇಕು ಒಂದು ಹೆಜ್ಜೆ ಮುಂದೆ ಹೋಗಿದೆ.

ಅರ್ಧ ಅಡಿ ಮಣ್ಣಿನೊಳಗೆ

ಜೇಕು ಬಂದ ಜಾಗದಲ್ಲಿ ಗುದ್ದಲಿಯಿಂದ ಒಂದು ಹೆಂಟೆಯನ್ನು ಅಲುಗಾಡದಂತೆ ಎತ್ತಿ ಬಕೆಟ್ ನೀರಿನಲ್ಲಿ ನೆನೆಹಾಕಿ. ಮಣ್ಣು ಕರಗಿದ ಮೇಲೆ ಮೆಲ್ಲಗೆ ಎತ್ತಿದರೆ ಇಡೀ ಗಿಡ ಕಾಣುತ್ತದೆ. ಎಲೆಗಳ ಬುಡದಲ್ಲಿ ಸಣ್ಣ ಉಬ್ಬು. ಆ ಉಬ್ಬಿನಿಂದ ಅಡ್ಡಡ್ಡಲಾಗಿ ಹೊರಟ ಎಳೆ. ಹೊಸದಾದರೆ ಬಿಳಿ, ಮೆತ್ತಗೆ. ಹಳೆಯದಾದರೆ ಕಂದು, ತಂತಿಯಷ್ಟು ಗಟ್ಟಿ. ಆ ಎಳೆ ಬೆರಳುದ್ದವೋ ಗೇಣುದ್ದವೋ ಹೋಗಿ ಒಂದು ಗಡ್ಡೆಯಾಗುತ್ತದೆ. ಗಡ್ಡೆಯಿಂದ ಮತ್ತೆ ಎಳೆ, ಮತ್ತೆ ಗಡ್ಡೆ. ಕೆಲವು ಎಳೆಗಳು ಮೇಲಕ್ಕೆ ತಿರುಗಿ ಹೊಸ ಉಬ್ಬಾಗಿ, ಹೊಸ ಎಲೆ ಕಟ್ಟುತ್ತವೆ. ಹೊಲದಲ್ಲಿ ನಾವು ಬೇರೆ ಬೇರೆ ಗಿಡವೆಂದು ಎಣಿಸುವ ಹತ್ತಾರು ಜೇಕು ಕೆಳಗೆ ಒಂದೇ ಸರದಲ್ಲಿರಬಹುದು.

ಗಡ್ಡೆ ಕಡಲೆಕಾಳಿನಿಂದ ಸಣ್ಣ ಗೋಲಿಯವರೆಗೆ ಯಾವ ಗಾತ್ರದ್ದೂ ಇರಬಹುದು. ಹೊರಗೆ ಕಪ್ಪು-ಕಂದು ಸಿಪ್ಪೆ, ಮೇಲೆ ನಾರು. ಉಗುರಿನಿಂದ ಸಿಪ್ಪೆ ಕೆರೆದರೆ ಘಮ್ಮೆಂದು ವಾಸನೆ ಬರುತ್ತದೆ. ಕೊಯ್ದರೆ ಒಳಗೆ ಬಿಳಿ ತಿರುಳು, ಅದರ ತುಂಬ ಪಿಷ್ಟ. ಸಿಪ್ಪೆಯ ಮೇಲಿನ ಬಳೆಗಳ ಬದಿಯಲ್ಲಿ ಸಣ್ಣ ಮೊಗ್ಗುಗಳಿವೆ. ಒಂದೊಂದು ಮೊಗ್ಗೂ ಒಂದು ಗಿಡವಾಗಬಲ್ಲದು. ಬಹುಪಾಲು ಗಡ್ಡೆಗಳು ಮೇಲಿನ ಅರ್ಧ ಅಡಿ ಮಣ್ಣಿನಲ್ಲೇ ಇರುತ್ತವೆ, ಅಂದರೆ ನಮ್ಮ ನೇಗಿಲು, ಕುಂಟೆ, ರೋಟವೇಟರ್ ಆಡುವ ಜಾಗದಲ್ಲಿ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಜೇಕು ಹೂ ಬಿಡುತ್ತದೆ ನಿಜ. ಆದರೆ ಅದರ ಬೀಜಗಳಲ್ಲಿ ಮೊಳೆಯುವಂಥವು ತೀರ ಕಡಿಮೆ. ಅದರ ವಂಶ ನಡೆಯುವುದು ಗಡ್ಡೆಯಿಂದ. ಅನುಕೂಲ ಸಿಕ್ಕರೆ ಒಂದು ಗಡ್ಡೆ ಮೂರು ತಿಂಗಳಲ್ಲಿ ನೂರರ ಹತ್ತಿರ ಗಡ್ಡೆಗಳನ್ನು ಹುಟ್ಟಿಸಬಲ್ಲದು. ಲೀರಾಯ್ ಹೋಮ್ ಮತ್ತು ಸಂಗಡಿಗರು 1977ರಲ್ಲಿ ಜಗತ್ತಿನ ಕಡುಗಳೆಗಳ ಬಗ್ಗೆ ಬರೆದ ಪುಸ್ತಕದಲ್ಲಿ ಜೇಕಿಗೇ ಮೊದಲ ಸ್ಥಾನ ಕೊಟ್ಟರು. 92 ದೇಶಗಳಲ್ಲಿ, 52 ಬೆಳೆಗಳಲ್ಲಿ ಅದು ಕಳೆಯಾಗಿ ದಾಖಲಾಗಿತ್ತು.

ಒಂದೇ ಮನೆಯ ಹಗೇವುಗಳು

ಸರದಲ್ಲಿ ಇಷ್ಟೊಂದು ಗಡ್ಡೆಗಳಿದ್ದರೆ, ಮಳೆ ಬಿದ್ದ ಕೂಡಲೇ ಎಲ್ಲವೂ ಒಟ್ಟಿಗೆ ಮೊಳೆಯಬೇಕಲ್ಲವೇ? ಮೊಳೆಯುವುದಿಲ್ಲ. ಒಂದೋ ಎರಡೋ ಮೊಳೆಯುತ್ತವೆ, ಉಳಿದವು ಸುಮ್ಮನಿರುತ್ತವೆ. ಜೇಕಿನ ಬಲವೆಲ್ಲ ಈ ಸುಮ್ಮನಿರುವುದರಲ್ಲಿದೆ.

ನಮ್ಮ ಬಯಲುಸೀಮೆಯಲ್ಲಿ ಹಿಂದೆ ರಾಗಿ, ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲ ಅಗೆದು, ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಹಾಕಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ದೊಡ್ಡ ಮನೆಯೊಂದಕ್ಕೆ ಸಾಲಾಗಿ ನಾಲ್ಕಾರು ಹಗೇವುಗಳಿದ್ದವು ಎನ್ನಿ. ಮನೆ ಒಟ್ಟಿಗಿರುವಷ್ಟು ಕಾಲ ಒಲೆ ಒಂದೇ. ಯಜಮಾನ ತೆಗೆಸುವುದೂ ಒಂದೇ ಹಗೇವು. ಉಳಿದವುಗಳ ಬಾಯಿಗೆ ಹಾಕಿದ ಮಣ್ಣು ಹಾಗೇ ಇರುತ್ತದೆ. ಅಣ್ಣತಮ್ಮಂದಿರು ಪಾಲಾದರೆ? ಒಬ್ಬೊಬ್ಬನೂ ತನ್ನ ಪಾಲಿನ ಹಗೇವು ತೆಗೆಸುತ್ತಾನೆ, ಬೇರೆ ಒಲೆ ಹೂಡುತ್ತಾನೆ. ಒಂದು ಮನೆ ಇದ್ದಲ್ಲಿ ನಾಲ್ಕು ಮನೆಯ ಹೊಗೆ ಏಳುತ್ತದೆ.

ಜೇಕಿನ ಗಡ್ಡೆಗಳ ಸರ ಅಂಥ ಒಂದು ಮನೆ. ಪ್ರತಿ ಗಡ್ಡೆಯೂ ಪಿಷ್ಟ ತುಂಬಿದ ಹಗೇವು. ಬೆಳೆಯುತ್ತಿರುವ ಕುಡಿ ಯಜಮಾನ. ಸರ ತುಂಡಾಗದೆ ಇರುವಷ್ಟು ಕಾಲ ಯಜಮಾನನ ಮಾತು ನಡೆಯುತ್ತದೆ, ಉಳಿದ ಮೊಗ್ಗುಗಳು ಮಲಗಿರುತ್ತವೆ.

ತುದಿಯ ಯಜಮಾನಿಕೆ

ಸಸ್ಯಶಾಸ್ತ್ರದಲ್ಲಿ ಇದಕ್ಕೆ ಎಪಿಕಲ್ ಡಾಮಿನೆನ್ಸ್ ಎಂಬ ಹೆಸರಿದೆ. ನಾವು ತುದಿಯ ಯಜಮಾನಿಕೆ ಎನ್ನೋಣ. ಇದು ಜೇಕಿನ ಸ್ವತ್ತಲ್ಲ, ಹೆಚ್ಚುಕಡಿಮೆ ಎಲ್ಲ ಗಿಡಗಳಲ್ಲೂ ಇದೆ. ತೊಗರಿಯ ಕುಡಿ ಚಿವುಟಿದರೆ ಪಕ್ಕದ ಕವಲುಗಳು ಒಡೆದು ಗಿಡ ಪೊದೆಯಾಗುವುದು, ಸೇವಂತಿಗೆಯ ತುದಿ ಮುರಿದರೆ ಹೂ ಹೆಚ್ಚುವುದು ಇದರಿಂದಲೇ.

ಕುಡಿ ಯಜಮಾನಿಕೆ ನಡೆಸುವುದು ಹೇಗೆ? 1930ರ ದಶಕದಲ್ಲಿ ತೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಒಂದು ಸರಳ ಪ್ರಯೋಗ ಮಾಡಿದರು. ಅವರೆ ಜಾತಿಯ ಗಿಡವೊಂದರ ಕುಡಿ ಕತ್ತರಿಸಿದಾಗ ಪಕ್ಕದ ಮೊಗ್ಗುಗಳು ಎದ್ದವು. ಕತ್ತರಿಸಿದ ಜಾಗಕ್ಕೆ ಆಕ್ಸಿನ್ ಎಂಬ ರಾಸಾಯನಿಕ ಹಚ್ಚಿದಾಗ ಕುಡಿ ಇಲ್ಲದಿದ್ದರೂ ಮೊಗ್ಗುಗಳು ಏಳಲಿಲ್ಲ. ಬೆಳೆಯುವ ಕುಡಿಯಲ್ಲಿ ಆಕ್ಸಿನ್ ತಯಾರಾಗಿ ಕೆಳಗಿಳಿಯುತ್ತದೆ. ಅದರ ಹರಿವು ಇರುವಷ್ಟು ಕಾಲ ಮೊಗ್ಗುಗಳಿಗೆ ಅಪ್ಪಣೆ ಇಲ್ಲ. ಬಟಾಣಿ ಗಿಡದ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಇನ್ನೊಂದು ಮುಖ ತೋರಿಸಿತು. ಬೆಳೆಯುವ ಕುಡಿ ಗಿಡದ ಸಕ್ಕರೆಯನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ, ಮೊಗ್ಗುಗಳಿಗೆ ಏನೂ ಮಿಗುವುದಿಲ್ಲ. ಕುಡಿ ಹೋಯಿತೆಂದರೆ ಸಕ್ಕರೆ ಮೊಗ್ಗುಗಳ ಕಡೆ ಹರಿದು ಅವು ಎದ್ದುಬಿಡುತ್ತವೆ. ಒಲೆಯ ಮುಂದೆ ಮೊದಲು ಕೂತವನು ತಟ್ಟೆ ಬಿಡುವವರೆಗೆ ಉಳಿದವರಿಗೆ ಊಟವಿಲ್ಲ.

ಜೇಕಿನಲ್ಲಿ ಈ ಯಜಮಾನಿಕೆ ಎರಡು ಮಟ್ಟದಲ್ಲಿ ನಡೆಯುತ್ತದೆ. ಒಂದೇ ಗಡ್ಡೆಯಲ್ಲಿ ತುದಿಯ ಮೊಗ್ಗು ಉಳಿದ ಮೊಗ್ಗುಗಳನ್ನು ತಡೆಯುತ್ತದೆ. ಒಂದೇ ಸರದಲ್ಲಿ ಮೊಳೆತ ಗಡ್ಡೆ ಉಳಿದ ಗಡ್ಡೆಗಳನ್ನು ತಡೆಯುತ್ತದೆ.

ಹಸಿ ನೆಲದ ಪಾಲು

ಈಗ ‘ಕಿತ್ತಷ್ಟೂ ಹೆಚ್ಚುತ್ತೆ’ ಎಂಬ ಮಾತಿಗೆ ಬರೋಣ. ಎಲೆ ಮಾತ್ರ ಹರಿದು ಬಂದರೆ ಯಜಮಾನ ಹೋದಂತಾಯಿತು. ಅದೇ ಗಡ್ಡೆಯ ಇನ್ನೊಂದು ಮೊಗ್ಗೋ, ಸರದ ಇನ್ನೊಂದು ಗಡ್ಡೆಯೋ ಆ ಜಾಗಕ್ಕೆ ಬರುತ್ತದೆ. ಮಳೆಗಾಲದಲ್ಲಿ ಹಸಿ ನೆಲಕ್ಕೆ ರೋಟವೇಟರ್ ಹೊಡೆದರೆ ಇನ್ನೂ ದೊಡ್ಡ ಪಾಲು ನಡೆಯುತ್ತದೆ. ಬಹುಪಾಲು ಗಡ್ಡೆಗಳು ಮೇಲಿನ ಅರ್ಧ ಅಡಿಯಲ್ಲೇ ಇವೆಯಲ್ಲ, ಸರವೆಲ್ಲ ತುಂಡುತುಂಡಾಗುತ್ತದೆ. ಹತ್ತು ಗಡ್ಡೆಯ ಒಂದು ಮನೆ ಹತ್ತು ಮನೆಯಾಗುತ್ತದೆ. ಎಲ್ಲರ ಹಗೇವಿನಲ್ಲೂ ಪಿಷ್ಟವಿದೆ, ಸುತ್ತ ತೇವವಿದೆ, ತಡೆಯುವವರಿಲ್ಲ. ವಾರದೊಳಗೆ ಹತ್ತೂ ಮೇಲೆ ಬರುತ್ತವೆ. ಹೊಲದಲ್ಲಿ ಜೇಕು ಹೆಚ್ಚಿದ್ದು ಕಣ್ಣಿಗೆ ಕಾಣುತ್ತದೆ, ರೈತ ಹೇಳುವುದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ.

ಆದರೆ ಒಂದು ವಿಷಯ ಗಮನಿಸಿ. ಹೆಚ್ಚಿದ್ದು ನೆಲದ ಮೇಲಿನ ಗಿಡಗಳು. ನೆಲದಡಿಯ ಗಡ್ಡೆಗಳ ಸಂಖ್ಯೆ ಆ ದಿನಕ್ಕೆ ಒಂದೂ ಹೆಚ್ಚಿಲ್ಲ. ಅಷ್ಟೇ ಅಲ್ಲ, ಇದುವರೆಗೆ ಮುಚ್ಚಿಟ್ಟಿದ್ದ ಹಗೇವುಗಳೆಲ್ಲ ಈಗ ಬಾಯಿ ತೆರೆದಿವೆ, ದಾಸ್ತಾನು ಖರ್ಚಾಗತೊಡಗಿದೆ. ಜೇಕು ಅತ್ಯಂತ ಬಲವಾಗಿ ಕಾಣುವ ಈ ಹೊತ್ತಿನಲ್ಲೇ ಅದು ಅತ್ಯಂತ ದುರ್ಬಲ. ಮುಂದೇನಾಗುತ್ತದೆ ಎಂಬುದು ನಾವು ಎಷ್ಟು ದಿನ ಬಿಡುತ್ತೇವೆ ಎನ್ನುವುದರ ಮೇಲಿದೆ.

ಮೂರು ವಾರದ ಲೆಕ್ಕ

ಮೊಳಕೆ ಮೇಲೆ ಬಂದ ಮೊದಲ ದಿನಗಳಲ್ಲಿ ಜೇಕು ಸಾಲದ ಮೇಲೆ ಬದುಕುತ್ತದೆ. ಎಲೆ ಕಟ್ಟಲು, ಬೇರು ಬಿಡಲು ಬೇಕಾದ ಶಕ್ತಿಯೆಲ್ಲ ಗಡ್ಡೆಯ ಪಿಷ್ಟದಿಂದ ಬರುತ್ತದೆ. ಎಲೆಗಳು ಬಲಿತ ಮೇಲೆ ಬಿಸಿಲಿನಿಂದ ಸಕ್ಕರೆ ಮಾಡಿಕೊಂಡು ಸಾಲ ತೀರಿಸತೊಡಗುತ್ತದೆ. ಸುಮಾರು ಮೂರು ವಾರ ದಾಟಿದ ಮೇಲೆ ಮಿಕ್ಕ ಸಕ್ಕರೆ ಕೆಳಗಿಳಿದು ಹೊಸ ಗಡ್ಡೆಗಳಾಗುತ್ತದೆ. ಮೂರು ವಾರದ ಒಳಗೆ ತಲೆ ಕತ್ತರಿಸಿದರೆ ಗಡ್ಡೆಗೆ ಖರ್ಚು ಮಾತ್ರ, ಜಮೆ ಇಲ್ಲ. ಅದರ ನಂತರ ಕತ್ತರಿಸಿದರೆ ಹೊಸ ಹಗೇವು ತುಂಬಿ ಮುಗಿದಿರುತ್ತದೆ.

ಅಮೆರಿಕದ ಅಲಬಾಮಾದಲ್ಲಿ ಸ್ಮಿತ್ ಮತ್ತು ಮೇಟನ್ 1938ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಮೂರು ವಾರ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ, ಬೆಳೆಗಾಲ ಪೂರ್ತಿ, ಎರಡು ವರ್ಷ ಬಿಡದೆ ಉಳುಮೆ ಮಾಡಿದಾಗ ಜೇಕು ನಿರ್ಮೂಲವಾಯಿತು. ಎರಡು ಸಲ ಉತ್ತು ಕೈಬಿಟ್ಟರೆ ಪಾಲಾದ ಮನೆಗಳೆಲ್ಲ ನೆಲೆಯೂರುತ್ತವೆ. ಅಂತರ ತಪ್ಪದೆ ಉತ್ತರೆ ಪ್ರತಿ ಸಲವೂ ಹಗೇವು ಬರಿದಾಗುತ್ತ ಬರುತ್ತದೆ.

ಕಳೆನಾಶಕಗಳ ಹಣೆಬರಹವನ್ನೂ ಈ ಲೆಕ್ಕವೇ ಬರೆಯುತ್ತದೆ. ಎಲೆಯನ್ನು ಮಾತ್ರ ಸುಡುವ ಔಷಧಿ ಎಲೆ ಕಿತ್ತಿದ್ದಕ್ಕೆ ಸಮ. ಗಿಡದೊಳಗೆ ಇಳಿಯುವ ಗ್ಲೈಫೋಸೇಟ್‌ನಂಥವು ಸಕ್ಕರೆ ಹರಿಯುವ ದಾರಿಯಲ್ಲೇ ಹರಿಯುತ್ತವೆ. ಸಕ್ಕರೆ ಎಳೆದುಕೊಳ್ಳುತ್ತಿರುವ ಗಡ್ಡೆಗೆ ಅವು ತಲುಪುತ್ತವೆ. ಮಲಗಿರುವ ಗಡ್ಡೆ ಏನನ್ನೂ ಎಳೆದುಕೊಳ್ಳುವುದಿಲ್ಲ, ಹಾಗಾಗಿ ವಿಷವೂ ಅಷ್ಟಾಗಿ ಮುಟ್ಟುವುದಿಲ್ಲ. ಸಿಂಪಡಿಸಿ ಹದಿನೈದು ದಿನಕ್ಕೆ ಹೊಲ ಒಣಗಿ, ತಿಂಗಳಿಗೆ ಮತ್ತೆ ಹಸಿರಾಗುವುದು ಇದಕ್ಕೇ. ಯಾವ ಬೆಳೆಯಲ್ಲಿ ಯಾವ ಔಷಧಿ, ಎಷ್ಟು ಎಂಬುದನ್ನು ಅಂಗಡಿಯವರಿಗಿಂತ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳುವುದು ಒಳ್ಳೆಯದು. ಈರುಳ್ಳಿಯಂಥ ಬೆಳೆಯ ನಡುವೆ ಗ್ಲೈಫೋಸೇಟ್ ಬಿದ್ದರೆ ಈರುಳ್ಳಿಯೂ ಹೋಗುತ್ತದೆ.

ಒಣ ನೆಲದಲ್ಲಿ ಅದೇ ನೇಗಿಲು

ಬೇಸಿಗೆಯಲ್ಲಿ ಉತ್ತರೂ ಸರ ತುಂಡಾಗುತ್ತದೆ. ಪಾಲಾಗುವುದು ಅದೇ ಪಾಲು. ಆದರೆ ಫಲ ತಿರುಗುಮುರುಗು. ಕಾರಣ ನೀರು.

ಸರದ ಆಳದ ಬೇರುಗಳು ತೇವ ಹಿಡಿದಿರುವಷ್ಟು ಕಾಲ ಮೇಲಿನ ಗಡ್ಡೆಗಳೂ ಬದುಕಿರುತ್ತವೆ, ನೆಲದ ಮೇಲ್ಪದರ ಎಷ್ಟೇ ಒಣಗಿದರೂ ಚಿಂತೆಯಿಲ್ಲ. ನೇಗಿಲು ಆ ಸಂಬಂಧ ಕಡಿದು ಗಡ್ಡೆಯನ್ನು ಮೇಲೆ ತಂದು ಹಾಕಿದಾಗ ಅದಕ್ಕೆ ನೀರು ಕೊಡುವವರು ಯಾರೂ ಇಲ್ಲ. ಮಾರ್ಚ್, ಏಪ್ರಿಲ್‌ನ ಹಿರಿಯೂರಿನ ಬಿಸಿಲಿಗೆ ಎರಡು ವಾರ ಬಿದ್ದಿದ್ದರೆ ಗಡ್ಡೆ ಒಣಗಿ ಸಾಯುತ್ತದೆ. ಹಗೇವಿನಲ್ಲಿ ಕಾಳು ಎಷ್ಟಿದ್ದರೂ ನೀರಿಲ್ಲದೆ ಅನ್ನವಾಗುವುದಿಲ್ಲ. ಮಾಗಿ ಉಳುಮೆ ಮಾಡಬೇಕೆಂದು ಹಿರಿಯರು ಹಟ ಹಿಡಿಯುತ್ತಿದ್ದುದರ ಹಿಂದೆ ಇಂಥ ಲೆಕ್ಕವೂ ಇದೆ. ಉತ್ತ ಮೇಲೆ ಒಂದು ಅಡ್ಡಮಳೆ ಬಿದ್ದರೆ ಸಾಯಬೇಕಾದ ಗಡ್ಡೆಗಳು ಮೊಳೆಯುತ್ತವೆ. ಆಗ ಮತ್ತೊಂದು ಸಲ ಕುಂಟೆ ಹೊಡೆಯಲೇಬೇಕು.

ಖುಷ್ಕಿ ಹೊಲಕ್ಕಿಂತ ನೀರಾವರಿ ತೋಟದಲ್ಲಿ ಜೇಕಿನ ಕಾಟ ಹೆಚ್ಚಿರುವುದೂ ಇದರಿಂದಲೇ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ನಾಲೆ ಹರಿಯುವ ಕಡೆ, ಈಗ ಕೊಳವೆಬಾವಿಯ ಹನಿ ನೀರಾವರಿ ಇರುವ ಅಡಿಕೆ, ತೆಂಗು, ದಾಳಿಂಬೆ ತೋಟಗಳಲ್ಲಿ, ವರ್ಷದ ಯಾವ ತಿಂಗಳೂ ನೆಲ ಪೂರ್ತಿ ಒಣಗುವುದಿಲ್ಲ. ಅಲ್ಲಿ ಬಿಸಿಲು ಮಾಡುವ ಕೆಲಸವನ್ನು ಬೇರೆಯವರು ಮಾಡಬೇಕು. ಅದು ನೆರಳು.

ನೆರಳು ಕಂಡರೆ ಆಗದು

ಜೇಕಿನ ಎಲೆ ಬಿಸಿಲಿಗೆಂದೇ ಮಾಡಿದ್ದು. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಎಲೆಯೊಳಗೆ ಒತ್ತೊತ್ತಾಗಿ ಕೂಡಿಹಾಕಿ ಸಕ್ಕರೆ ಮಾಡುವ ಉಪಾಯ ಅದಕ್ಕೆ ಗೊತ್ತು. ರಾಗಿ, ಜೋಳ, ಮೆಕ್ಕೆಜೋಳ, ಕಬ್ಬಿಗೂ ಇದೇ ಉಪಾಯ ಗೊತ್ತು. ಇಂಥ ಎಲೆಗಳು ಬಿರುಬಿಸಿಲಿನಲ್ಲಿ, ಕಡಿಮೆ ನೀರಿನಲ್ಲಿ ಚೆನ್ನಾಗಿ ದುಡಿಯುತ್ತವೆ. ಈರುಳ್ಳಿ, ಶೇಂಗಾ, ಹತ್ತಿಗೆ ಆ ಉಪಾಯವಿಲ್ಲ. ಮೂವತ್ತೈದು ಡಿಗ್ರಿ ಬಿಸಿಲಿನಲ್ಲಿ ಈರುಳ್ಳಿ ಮುದುಡಿ ಕೂತಾಗ ಜೇಕು ದುಡಿಯುತ್ತಲೇ ಇರುತ್ತದೆ. ಮೇಲಾಗಿ ಈರುಳ್ಳಿಯ ಎಲೆ ನೆಟ್ಟಗೆ ನಿಲ್ಲುತ್ತದೆ, ನೆಲಕ್ಕೆ ನೆರಳು ಕೊಡುವುದಿಲ್ಲ. ನಮ್ಮ ಜಿಲ್ಲೆಯ ಬೆಳೆಗಳಲ್ಲಿ ಜೇಕಿನಿಂದ ಹೆಚ್ಚು ನರಳುವುದು ಈರುಳ್ಳಿಯೇ.

ಅದೇ ಎಲೆಗೆ ನೆರಳು ಬಿದ್ದರೆ ಆದಾಯ ಕುಸಿಯುತ್ತದೆ; ಕೆಳಗೆ ಕಳಿಸಲು ಸಕ್ಕರೆ ಇಲ್ಲ, ಗಡ್ಡೆ ಕಟ್ಟುವುದಿಲ್ಲ. ಅಲಸಂದೆ, ಹುರುಳಿ, ಸೆಣಬು ಹೀಗೆ ಬೇಗ ಹಬ್ಬಿ ನೆಲ ಮುಚ್ಚುವ ಯಾವ ಬೆಳೆಯಾದರೂ ಜೇಕಿಗೆ ಕಷ್ಟ. ತೆಂಗಿನ ಸಾಲಿನ ನಡುವೆ ದಟ್ಟವಾಗಿ ಸೆಣಬು ಚೆಲ್ಲಿ, ಹೂವಿಗೆ ಬಂದಾಗ ಮಣ್ಣಿಗೆ ಸೇರಿಸಿದರೆ ಗೊಬ್ಬರವೂ ಆಯಿತು, ಜೇಕಿಗೆ ಬರವೂ ಆಯಿತು.

ಕಪ್ಪು ಪ್ಲಾಸ್ಟಿಕ್ ಹೊದಿಕೆಯೂ ನೆರಳೇ. ಆದರೂ ಟೊಮೆಟೊ, ಕಲ್ಲಂಗಡಿ ಮಡಿಗಳಲ್ಲಿ ಜೇಕು ಹೊದಿಕೆಯನ್ನು ತೂತು ಮಾಡಿಕೊಂಡು ಬರುವುದನ್ನು ನೋಡಿರುತ್ತೀರಿ. ಮಣ್ಣಿನಿಂದ ಏಳುವ ಮೊಳಕೆಯ ಎಲೆಗಳು ಬಿಗಿಯಾಗಿ ಸುತ್ತಿಕೊಂಡು ಚೂಪಾಗಿರುತ್ತವೆ. ಬೆಳಕು ಕಂಡ ಮೇಲೆಯೇ ಬಿಚ್ಚಿಕೊಳ್ಳುವುದು. ಕಪ್ಪು ಹಾಳೆಯಡಿ ಬೆಳಕಿಲ್ಲ. ಹೀಗಾಗಿ ಮೊಳಕೆ ಚೂಪಾಗಿಯೇ ಉಳಿದು ಹಾಳೆಯನ್ನು ಚುಚ್ಚುತ್ತದೆ. ಪಾರದರ್ಶಕ ಹಾಳೆಯಡಿಯಲ್ಲಿ ಬೆಳಕು ಕಂಡು ಎಲೆ ಬಿಚ್ಚಿಬಿಡುತ್ತದೆ, ಬಿಚ್ಚಿದ ಎಲೆಗೆ ಚುಚ್ಚುವ ಬಲವಿಲ್ಲ. ಬೇಸಿಗೆಯಲ್ಲಿ ಖಾಲಿ ಮಡಿಗೆ ನೀರು ಕೊಟ್ಟು ಪಾರದರ್ಶಕ ಹಾಳೆ ಬಿಗಿಯಾಗಿ ಹೊದಿಸಿದರೆ ಮೊಳಕೆಗಳು ಅದರಡಿಯ ಬಿಸಿಗೆ ಬೇಯುತ್ತವೆ.

ಗಡ್ಡೆಯ ಇನ್ನೊಂದು ಮುಖ

ಇಷ್ಟೆಲ್ಲ ಕಾಟ ಕೊಡುವ ಗಡ್ಡೆಯನ್ನೇ ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಹಣ ಕೊಟ್ಟು ತರುತ್ತೇವೆ. ಆಯುರ್ವೇದದ ಮುಸ್ತಾ ಇದೇ. ಹೊಟ್ಟೆಯ ತೊಂದರೆ, ಜ್ವರದ ಔಷಧಿಗಳಲ್ಲಿ ಬಳಕೆಯಿದೆ. ಧೂಪಕ್ಕೂ ಸೀಗೆಪುಡಿಗೂ ಪರಿಮಳಕ್ಕಾಗಿ ಸೇರಿಸುತ್ತಾರೆ. ಸುಡಾನಿನ ಅಲ್ ಖಿದೈ ಎಂಬಲ್ಲಿ ಸಿಕ್ಕ ಪ್ರಾಚೀನ ಅಸ್ಥಿಪಂಜರಗಳ ಹಲ್ಲಿನ ಪಾಚಿಯನ್ನು ಪರೀಕ್ಷಿಸಿ 2014ರಲ್ಲಿ ವಿಜ್ಞಾನಿಗಳು ಹೇಳಿದ್ದು: ಅಲ್ಲಿಯ ಜನ ಸಾವಿರಾರು ವರ್ಷಗಳ ಕಾಲ ಜೇಕಿನ ಗಡ್ಡೆ ತಿಂದಿದ್ದರು, ಅವರ ಹಲ್ಲು ಅಷ್ಟಾಗಿ ಹುಳುಕಾಗದಿರಲು ಅದೂ ಕಾರಣವಿರಬಹುದು. ಗಿಡ ತನ್ನ ಕಷ್ಟಕಾಲಕ್ಕೆ ಕೂಡಿಟ್ಟ ಪಿಷ್ಟ ಮನುಷ್ಯನ ಕಷ್ಟಕಾಲಕ್ಕೂ ಒದಗಿತ್ತು.

ಮಳೆಗೊಂದು ಎಡೆಕುಂಟೆ

ಹಾಗಾದರೆ ನಮ್ಮ ಹೊಲದಲ್ಲಿ ಮಾಡಬೇಕಾದ್ದೇನು? ಮೊದಲನೆಯದು, ಹೊಸ ಗಡ್ಡೆ ಒಳಗೆ ಬಿಡದಿರುವುದು. ನರ್ಸರಿಯ ತೆಂಗು, ಅಡಿಕೆ ಸಸಿಯ ಚೀಲದ ಮಣ್ಣು, ಹೊಲಕ್ಕೆ ಹೊಡೆಸುವ ಕೆರೆಗೋಡು, ಜೇಕಿನ ಹೊಲದಿಂದ ನೇರ ಬಂದ ಟ್ರ್ಯಾಕ್ಟರಿನ ನೇಗಿಲಿಗೆ ಮೆತ್ತಿದ ಮಣ್ಣು, ಈ ಮೂರನ್ನೂ ನೋಡಿಕೊಳ್ಳಬೇಕು. ಎರಡನೆಯದು, ಬೇಸಿಗೆಯಲ್ಲಿ ನೆಲ ಒಣಗಿದ್ದಾಗ ಆಳವಾಗಿ ಉತ್ತು ಬಿಡುವುದು. ಮೂರನೆಯದು, ಬೆಳೆ ಬದಲಿಸುವುದು. ಈರುಳ್ಳಿಯ ಮೇಲೆ ಮತ್ತೆ ಈರುಳ್ಳಿ ಹಾಕದೆ ನಡುವೆ ನೆಲ ಮುಚ್ಚುವ ಬೆಳೆಯೊಂದನ್ನು ತರುವುದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ಅದು ದಿನದ ಲೆಕ್ಕ. ಇದಕ್ಕೆ ಬೇರೆ ಕ್ಯಾಲೆಂಡರ್ ಬೇಕಿಲ್ಲ. ನಮ್ಮ ಒಂದು ಮಳೆ ನಕ್ಷತ್ರಕ್ಕೆ ಸುಮಾರು ಹದಿಮೂರು, ಹದಿನಾಲ್ಕು ದಿನ. ಜೇಕು ಹೊಸ ಗಡ್ಡೆ ಕಟ್ಟಲು ಬೇಕಾದ ಮೂರು ವಾರವೆಂದರೆ ಒಂದೂವರೆ ಮಳೆ. ರೋಹಿಣಿಯಲ್ಲಿ ಒಂದು ಸಲ, ಮೃಗಶಿರದಲ್ಲಿ ಒಂದು ಸಲ, ಆರಿದ್ರದಲ್ಲಿ ಒಂದು ಸಲ, ಹೀಗೆ ಮಳೆಗೊಂದು ಸಲ ಎಡೆಕುಂಟೆಯೋ ಕಳೆಗುದ್ದಲಿಯೋ ಆಡಿದರೆ ಜೇಕು ಯಾವತ್ತೂ ಜಮೆಯ ದಿನ ಮುಟ್ಟುವುದಿಲ್ಲ. ಒಂದು ವರ್ಷಕ್ಕೆ ತೆಳುವಾಗುತ್ತದೆ, ಎರಡನೆಯ ವರ್ಷವೂ ಬಿಡದಿದ್ದರೆ ಅದರ ದಾಸ್ತಾನು ಮುಗಿಯುತ್ತದೆ. ಈಗಲೂ ನಾವು ಜೇಕಿಗೆ ಕೂಲಿ ಸುರಿಯುತ್ತಲೇ ಇದ್ದೇವೆ. ಅದೇ ಕೂಲಿಯನ್ನು ಮಳೆ ಲೆಕ್ಕ ಹಿಡಿದು ಹಂಚಿದರೆ ಸಾಕು.